ಅಂಟಿಕೊಂಡ ಹಾಳೆ

ಆದೋನಿ
6-5-2025

ಪ್ರೀತಿಯ ಅಕ್ಕಾ,

ನಿನ್ನ ತಲೆನೋವು ಹೇಗಿದೆ? ಗಂಗಾವತಿಯ ನೀರು ಒಗ್ಗಿತೇ? ಭಾವನವರೂ ನಿನ್ನ ಅತ್ತೆಯವರೂ ಕ್ಷೇಮವೆಂದು ಅಮ್ಮ ಹೇಳುತ್ತಾಳೆ, ನೀನು ಹೇಗಿದ್ದೀಯೆಂದು ಮಾತ್ರ ಹೇಳುವುದಿಲ್ಲ. ನಾನು ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ನಾನಿನ್ನೂ ದಸ್ತಗಿರಿ ಸಾಹೇಬರ ಟೈರ್ ಅಂಗಡಿಯಲ್ಲೇ ಇದ್ದೇನೆ. ಚಕ್ರ ಬ್ಯಾಲೆನ್ಸ್ ಮಾಡುವ ಯಂತ್ರವನ್ನು ಈಗ ನನಗೇ ಬಿಟ್ಟಿದ್ದಾರೆ. ಪ್ರದರ್ಶನಕ್ಕೆ ಮಾಡಿದ ನಿನ್ನ ಭೂಮಿಯೂ ಕ್ಷೇಮ. ಆ ಕಬ್ಬಿಣದ ಗುಂಡನ್ನು ಅಮ್ಮ ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಹೇರಿದ್ದಾಳೆ. ನೀನು ಬಳಿದ ನೀಲಿ ಬಣ್ಣ ಎಣ್ಣೆಗೆ ಕಿತ್ತುಬರುತ್ತಿದೆ.

ನಿಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನ ನಡೆದು ಇವತ್ತಿಗೆ ನಾಲ್ಕುನೂರ ಮೂವತ್ತಮೂರು ದಿನ. ಆ ಸಂಖ್ಯೆಯನ್ನು ನೀನು ಮರೆತಿರಲಾರೆ. ತಿರುಗುವ ಭೂಮಿಯ ಅಕ್ಷ ಸಣ್ಣಗೆ ಓಲಾಡುತ್ತದೆ, ಧ್ರುವ ಕೆಲವೇ ಮೀಟರಿನ ಸುತ್ತು ಹಾಕಿ ಬರುತ್ತದೆ ಎಂದು ಹೇಳಿಕೊಟ್ಟವಳು ನೀನೇ. ಬ್ಯಾಲೆನ್ಸ್ ತಪ್ಪಿದ ಚಕ್ರ ನೋಡಿದವನು, ನನಗೆ ಥಟ್ಟನೆ ತಲೆಗೆ ಹತ್ತಿತು. ಚಿತ್ರದ ಅಳತೆಗೆಂದು ನೀನು ಲೈಬ್ರರಿ ಪುಸ್ತಕವನ್ನು ಎರಡು ದಿನ ನನ್ನ ಹತ್ತಿರ ಬಿಟ್ಟಿದ್ದೆ. ಗುಂಡು, ಶಾಫ್ಟು, ಮೋಟರು ಎಲ್ಲ ನಾನು ಕೂಡಿಸಿ ಕೊಟ್ಟೆ. ಒಂದು ಸುತ್ತಿಗೆ ಮುನ್ನೂರ ಐದು ದಿನ ಎಂದು ನೀನು ಚೀಟಿ ಬರೆದೆ. ಆ ಲೆಕ್ಕ ಹೇಗೆ ಬಂತೆಂದು ನಾನು ಕೇಳಿದ್ದಕ್ಕೆ "ನೀ ನಟ್ಟು ಬಿಗಿ ಮಾಡಪಾ, ಓದೋದು ನಂಗಿರಲಿ" ಅಂದೆ. ಅಂದೇ ಅಪ್ಪ ಪಡಸಾಲೆಯಲ್ಲಿ ಕೂತು ತೀರ್ಪು ಕೊಟ್ಟರು: "ಮೊದಲ್ನೇ ಬಹುಮಾನ ಬಂದ್ರ ಎಂ.ಎಸ್ಸಿ. ಓದ್ಲಿ. ಇಲ್ಲಾಂದ್ರ ಗಂಗಾವತಿಯವರಿಗೆ ಹೂಂ ಅಂತೀನಿ."

ಪ್ರದರ್ಶನದ ದಿನ ಪರೀಕ್ಷಕರು ನಿನ್ನ ಮೇಜಿನ ಮುಂದೆ ಬಹಳ ಹೊತ್ತು ನಿಂತರು. ಮಾಡಿಕೊಟ್ಟವರು ಯಾರೆಂದು ಕೇಳಿದಾಗ ನಾನು ಎರಡು ಮಾರು ದೂರದಲ್ಲಿದ್ದೆ. "ಯಾರೋ ಟೈರ್ ಅಂಗಡಿಯವ ಸಾರ್" ಅಂದೆ ನೀನು. ಆಗ ನಾನು ಬಾಯಿಬಿಟ್ಟೆ. "ಸಾರ್, ಮುನ್ನೂರ ಐದು ಗಟ್ಟಿ ಗುಂಡಿನ ಲೆಕ್ಕ್ರಿ. ಭೂಮಿ ಒಂಚೂರು ಬಗ್ಗತೈತ್ರಿ, ರಬ್ಬರಿನಂಗ. ಅಕ್ಷ ಸರಿದ್ರ ನಡುವಿನ ಉಬ್ಬೂ ಅಷ್ಟಿಷ್ಟು ಅದರ ಹಿಂದ ಸರೀತೈತಿ. ವಾಪಸ್ ಎಳೆಯೋ ಜೋರು ಕಡಿಮಿ, ಸುತ್ತು ತಡಾ. ನಾಕುನೂರ ಮೂವತ್ತಮೂರು ದಿನ." ಪರೀಕ್ಷಕರು ನಿನ್ನ ಕಡೆ ತಿರುಗಿದರು. "ಏಮ್ಮಾ, ಟೈರ್ ಷಾಪಾಯನಕು ತೆಲುಸು, ನೀಕು ತೆಲೀದಾ?" ಟೈರ್ ಅಂಗಡಿಯವನಿಗೆ ಗೊತ್ತಿರುವುದು ನಿನಗೆ ಗೊತ್ತಿಲ್ಲವೇ ಎಂದು ತೆಲುಗಿನಲ್ಲಿ ಕೇಳಿದರು. ನೀನು ಪುಸ್ತಕ ತೆಗೆದು, ಮುಂದಿನ ಹಾಳೆಗಳು ಅಂಟಿಕೊಂಡಿವೆ ಸಾರ್, ಹರಿದಾವೆಂದು ಬಿಡಿಸಲಿಲ್ಲ ಅಂದೆ. ಸಭಾಂಗಣವೇ ನಕ್ಕಿತು. ನಾನೂ ನಕ್ಕೆ. ನಿನಗೆ ಸಮಾಧಾನಕರ ಬಹುಮಾನವೆಂದು ಸ್ಟೀಲ್ ಡಬ್ಬಿ ಕೊಟ್ಟರು. ಆ ಮೇ ತಿಂಗಳಲ್ಲಿ ಮದುವೆ ಮುಗಿದು ಅದೂ ನಿನ್ನ ಜೊತೆ ಗಂಗಾವತಿಗೆ ಹೋಯಿತು.

"ತಪ್ಪಾತು ಅಂತ ಬರಿಯೋ, ಸಾಕು" ಎಂದು ಅಮ್ಮ ದಿನಾ ಹೇಳುತ್ತಾಳೆ. ಹೇಳಿದ್ದು ನಿಜವಾದ ಮೇಲೆ ತಪ್ಪಾಯಿತೆಂದು ಹೇಗೆ ಬರೆಯಲಿ? ಪರೀಕ್ಷೆಯಲ್ಲಿ ಇಡೀ ಕೋಣೆ ಕಾಪಿ ಹೊಡೆದಾಗ ಒಬ್ಬನೇ ಒಪ್ಪಿಕೊಂಡು ಇಂಟರ್ ಓದನ್ನೇ ಬಿಟ್ಟವನು ನಾನು. "ಆಕಿ ಈಗ ಬಗ್ಗ್ಯಾಳ, ಚಲೋ ಹೊಂದಿಕೊಂಡಾಳ" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಾರೆ. ಬಗ್ಗಿದರೆ ಓಲಾಟ ನಿಲ್ಲುವುದಿಲ್ಲ, ಸುತ್ತು ಉದ್ದವಾಗುತ್ತದೆ ಅಷ್ಟೆ. ಧ್ರುವ ಒಂದು ಸುತ್ತು ಮುಗಿಸಿ ಇವತ್ತು ಹಳೆಯ ಜಾಗದ ಹತ್ತಿರ ಬಂದಿರಬೇಕು. ನೀನು ಉಗಾದಿಗೂ ಬರಲಿಲ್ಲ.

ಭಾವನವರಿಗೆ, ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಮ್ಮ,
ರಘುವೀರ

ತಾ.ಕ.: ಸಾಹೇಬರು ಕರೆಯುತ್ತಿದ್ದಾರೆ, ಬೇಗ ಬರೆದುಬಿಡುತ್ತೇನೆ. ಆ ಹಾಳೆಗಳು ತಾವಾಗಿ ಅಂಟಿಕೊಂಡಿದ್ದಲ್ಲ. ನಟ್ಟು ಬಿಗಿ ಮಾಡು ಅಂದೆಯಲ್ಲ, ಮರುದಿನ ಅಂಗಡಿಯಲ್ಲಿ ಕೂತು ಪುಸ್ತಕ ಓದಿದೆ. ಬಗ್ಗುವ ಭೂಮಿಯ ಲೆಕ್ಕ ಮುಂದಿನ ಪುಟದಲ್ಲೇ ಇತ್ತು. ಆ ಹಾಳೆಗಳಿಗೆ ಪಂಕ್ಚರ್ ಸೊಲ್ಯೂಷನ್ ಹಚ್ಚಿ, ಮೇಲೊಂದು ಚಕ್ರ ಹೇರಿ ಒತ್ತಿದೆ. ಪ್ರದರ್ಶನಕ್ಕೆ ಇನ್ನೂ ಎಂಟು ದಿನ ಇತ್ತು. ಯಾರೋ ಟೈರ್ ಅಂಗಡಿಯವ ಎಂದು ನೀನಿನ್ನೂ ಅಂದಿರಲಿಲ್ಲ. ಬಹುಮಾನದ ಬಗ್ಗೆ ಅಪ್ಪನ ತೀರ್ಪು ಆಗಲೇ ನನ್ನ ಕಿವಿಗೆ ಬಿದ್ದಿತ್ತು.