ಚಪ್ಪರವಿಲ್ಲದ ಮದುವೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ನನ್ನ ಹಟಮಾರಿ ತಂಗಿಗೆ, ಅಕ್ಕನ ತುಂಬು ಪ್ರೀತಿ.

ಹೇಗಿದ್ದೀಯ? ಮಂಡಿನೋವು ಇಳಿಯಿತೇ, ಇಲ್ಲ ಕಳೆದ ಸಲದಂತೆ "ಚೆನ್ನಾಗಿದ್ದೇನೆ" ಎಂದು ಒಂದು ಸಾಲು ಗೀಚಿ ನನ್ನ ಕಣ್ಣಿಗೆ ಮಣ್ಣೆರಚುತ್ತೀಯೋ? ನೀನು ಚೆನ್ನಾಗಿದ್ದೇನೆ ಎಂದಾಗಲೆಲ್ಲ ನನಗೆ ಅನುಮಾನ. ಆ ಲೈಬ್ರರಿಯಲ್ಲಿ ಏಣಿ ಹತ್ತುವುದನ್ನು ನಿಲ್ಲಿಸು. ಮೇಲಿನ ಅಟ್ಟದ ಪುಸ್ತಕ ಬೇಕೆನ್ನುವವನು ತಾನೇ ಹತ್ತಿ ತೆಗೆದುಕೊಳ್ಳಲಿ, ನೀನು ಕೆಳಗೆ ಕುಳಿತು ಬೆರಳು ತೋರಿಸಿದರೆ ಸಾಕು. ನಾನು ಗಟ್ಟಿಯಾಗಿದ್ದೇನೆ. ನಿನ್ನ ಭಾವನೂ ಇದ್ದಾರೆ. ಅವರ ಸುದ್ದಿ ಬಂತೆಂದು ಕಾಗದ ಮಡಚಿಡಬೇಡ, ಮುಂದೆ ಓದು. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಯಲು ಬಂದವರ ಮೇಲೆಲ್ಲ ಕೂಗಿ ಕೂಗಿ ಗಂಟಲು ಕೆಟ್ಟಿದೆ. ಡಾಕ್ಟರು ಕೂಗಬೇಡಿ ಎಂದರೆ "ನಾನೆಲ್ಲಿ ಕೂಗ್ತೀನಿ" ಎಂದು ಅವರ ಮೇಲೂ ಕೂಗಿ ಬಂದರು.

ಈಗ ವಿಷಯ. ನಿನ್ನ ಮೆಣಸಿನಕಾಯಿಗೆ ಮದುವೆ ಗೊತ್ತಾಗಿದೆ. ಹುಟ್ಟಿದ ದಿನ ಅವಳು ಕಿರುಚಿದ ಪರಿ ನೋಡಿ ಆ ಹೆಸರಿಟ್ಟವಳು ನೀನೇ ಅಲ್ಲವೇ? ನಾನು ಅಂಗಡಿಯಲ್ಲಿ ದುಡಿಯುವಾಗ ನನ್ನ ಮಗಳಿಗೆ ಉಣಿಸಿ, ಜಡೆ ಹಾಕಿ, ಶಾಲೆಗೆ ಬಿಟ್ಟು ಬಂದವಳೂ ನೀನೇ. ಅವಳ ಮದುವೆ ನೀನಿಲ್ಲದೆ ಆಗಿಹೋಗುತ್ತದೆ ಎಂದು ನೆನೆದರೆ ನನಗೆ ಊಟ ಸೇರುವುದಿಲ್ಲ. ಆದರೆ ಕರೆಯಲು ಬಾಯಿಲ್ಲ. ಈ ಮನೆ ಬಿಟ್ಟು ಹೊರಟ ದಿನ ಭಾವನ ಮುಖ ನೋಡಿ ನೀನಾಡಿದ ಮಾತು ನನಗೆ ನೆನಪಿದೆ. ನಿನ್ನ ಮಾತೆಂದರೆ ಕಲ್ಲಿನಲ್ಲಿ ಕೊರೆದದ್ದು ಎಂಬುದೂ ಗೊತ್ತು. ಹಾಗಾಗಿ ಈ ಕಾಗದವನ್ನು ಕರೆಯೋಲೆ ಎಂದುಕೊಳ್ಳಬೇಡ. ಒಂದು ತಿಂಗಳಿಂದ ಅನುಮಾನ ನನ್ನ ತಲೆ ತಿನ್ನುತ್ತಿದೆ, ಹೇಳಿಕೊಳ್ಳಲು ನಿನ್ನ ಬಿಟ್ಟರೆ ಬೇರೆ ಯಾರಿದ್ದಾರೆ?

ಮದುವೆ ಎಲ್ಲಿ ಗೊತ್ತೇ? ಸಮುದ್ರದ ದಂಡೆಯಲ್ಲಿ! ರೈಲು ಹತ್ತಿ, ಬಸ್ಸು ಹತ್ತಿ, ಆಮೇಲೆ ದೋಣಿ ಹತ್ತಿ ಹೋಗಬೇಕಾದ ಒಂದು ರೆಸಾರ್ಟಿನಲ್ಲಿ. ನಮ್ಮ ವಂಶದಲ್ಲಿ ಈಜು ಬಲ್ಲವರು ಒಬ್ಬರಾದರೂ ಇದ್ದಾರೆಯೇ? ಚಪ್ಪಲಿಯೊಳಗೆ ಎರಡು ಕಾಳು ಮರಳು ಸೇರಿದರೆ ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದ ಹುಡುಗಿ ಇವಳು. ಊರು ಬಿಟ್ಟು ಊರಿಗೆ ಹೋಗಿ ಮದುವೆಯಾಗುವವರನ್ನು ಕಂಡರೆ "ತಿಕ್ಕಲು ಕಣಮ್ಮ" ಎನ್ನುತ್ತಿದ್ದವಳು. ಈಗ ಕೇಳಿದರೆ "ಅಲೆ ಸದ್ದು ಚೆನ್ನಾಗಿರುತ್ತೆ" ಎನ್ನುತ್ತಾಳೆ. ಅಲೆ ಸದ್ದಂತೆ, ಅಲೆ ಸದ್ದು! ಪಕ್ಕದ ಮನೆಯ ನೀರಿನ ಪಂಪು ಗುರ್ ಎಂದರೆ ಕಿವಿಗೆ ಹತ್ತಿ ತುರುಕಿಕೊಳ್ಳುವ ಮಹಾರಾಣಿ. ಅದಕ್ಕಿಂತ ವಿಚಿತ್ರವೆಂದರೆ ನಿನ್ನ ಭಾವ. ಕಿಟಕಿಗೆ ಪರದೆ ಬದಲಿಸಿದರೂ ಮೂರು ದಿನ ಜಗಳ ತೆಗೆಯುವ ಮನುಷ್ಯ ಸಮುದ್ರ ಎಂದ ಕೂಡಲೇ "ಆಗ್ಲಿ ಬಿಡು, ಮಗು ಆಸೆ" ಎಂದು ಪೇಪರಿನೊಳಗೆ ಮುಖ ಹುದುಗಿಸಿದರು. ಆ ಪೇಪರು ತಲೆಕೆಳಗಾಗಿತ್ತು.

ನನ್ನ ಕೆಲಸ ನಿನಗೆ ಗೊತ್ತಲ್ಲ. ಬಟ್ಟೆ ಅಂಗಡಿಯಲ್ಲಿ ವಾಪಸು ತೆಗೆದುಕೊಳ್ಳುವ ಕೌಂಟರು. "ಒಂದ್ಸಲಾನೂ ಹಾಕಿಲ್ಲ ಮೇಡಂ" ಎಂದು ದೇವರಂಥ ಮುಖ ಮಾಡಿಕೊಂಡು ಬರುತ್ತಾರೆ. ನಾನು ಕಂಕುಳ ಹೊಲಿಗೆಯನ್ನೊಮ್ಮೆ ಮೂಸುತ್ತೇನೆ, ಬೆಲೆ ಚೀಟಿಯ ದಾರ ಮತ್ತೆ ಗಂಟು ಹಾಕಿದ್ದೋ ಎಂದು ತಿರುಗಿಸಿ ನೋಡುತ್ತೇನೆ. ಸಾಮಾನ್ಯವಾಗಿ ಯಾವ ಸಮಾರಂಭಕ್ಕೆ ಹಾಕಿದ್ದರು ಎಂಬುದೂ ತಿಳಿದುಬಿಡುತ್ತದೆ. ಅಂಥವಳ ಮುಂದೆ ಅಪ್ಪ ಮಗಳು ನಾಟಕ ಆಡಿದರೆ ನಡೆಯುತ್ತದೆಯೇ?

ಮೊದಲ ಅನುಮಾನ ಹುಡುಗನ ಮೇಲೆ ಬಂತು. ಹತ್ತಿರದಲ್ಲೇ ಮದುವೆಯಾದರೆ ಯಾರಾದರೂ ಬಂದು ಗಲಾಟೆ ಎಬ್ಬಿಸುತ್ತಾರೆ ಎಂಬ ಭಯವೋ, ಮೊದಲೇ ಒಂದು ಹೆಂಡತಿ ಇದ್ದಾಳೋ ಎಂದುಕೊಂಡೆ. ಅವನು ಕಟ್ಟಿಸುವ ಹಲ್ಲು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ. ಒಂದು ದಿನ ರಜೆ ಹಾಕಿ, ಕಪ್ಪು ಕನ್ನಡಕ ಏರಿಸಿ, ತಲೆಗೊಂದು ಸ್ಕಾರ್ಫು ಕಟ್ಟಿಕೊಂಡು, ಹಲ್ಲುಸೆಟ್ಟು ಬೇಕಾದವಳಂತೆ ಅಲ್ಲಿಗೆ ಹೋದೆ. ಬೆಂಚಿನ ತುಂಬ ಸುಣ್ಣದ ಪುಡಿ, ಸಾಲಾಗಿ ದವಡೆಗಳು, ಎಲ್ಲವೂ ನನ್ನನ್ನೇ ನೋಡಿ ನಗುವ ಹಾಗೆ. ಪಕ್ಕದ ಮೇಜಿನ ಹೆಂಗಸಿನ ಹತ್ತಿರ "ಈ ಹುಡುಗ ಹೇಗೆ" ಎಂದು ಪಿಸುಗುಟ್ಟಿದೆ. ಅವಳು ಬಾಯಿ ತೆರೆಯುವ ಮೊದಲೇ ಅವನು ಎದ್ದು ಬಂದು, ಕುರ್ಚಿ ಒರೆಸಿ ಕೂರಿಸಿ, ಬಹಳ ಮರ್ಯಾದೆಯಿಂದ "ಅತ್ತೆ, ನಿಮ್ಮ ಹಲ್ಲೆಲ್ಲ ಗಟ್ಟಿಯಾಗಿವೆ. ಕಾಫಿ ಕುಡೀತೀರಾ?" ಎಂದ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕಾಫಿ ಮಾತ್ರ ಕುಡಿದು ಬಂದೆ. ಒಳ್ಳೆಯ ಹುಡುಗ ಕಣೆ, ಅವನಲ್ಲಿ ಕೊಂಕು ಹುಡುಕುವುದು ಕಷ್ಟ.

ಆಮೇಲೆ ಮದುವೆಯ ಉಸ್ತುವಾರಿ ಹೊತ್ತವಳು. ನಾನು ಅವಳಿಗೆ ಚಿಂತೆಬೇಡ ಎಂದೇ ಹೆಸರಿಟ್ಟಿದ್ದೇನೆ, ಮಾತಿಗೊಮ್ಮೆ "ಚಿಂತೆ ಬೇಡ ಮೇಡಂ" ಎನ್ನುತ್ತಾಳೆ. ಅಷ್ಟು ಸಲ ಚಿಂತೆ ಬೇಡ ಎಂದರೆ ಚಿಂತೆ ಶುರುವಾಗುವುದೇ ಆಗ. ಅವಳು ಲ್ಯಾಪ್‌ಟಾಪು ತೆರೆದು ಮೊದಲು ಒಂದು ಭಾರಿ ರೆಸಾರ್ಟು ತೋರಿಸಿದಳು. ಅರಮನೆಯಂಥ ಒಂದೇ ಕಟ್ಟಡ, ಎಲ್ಲರ ಕೋಣೆಗಳೂ ಅದರೊಳಗೇ. ನಮ್ಮವಳು ಫೋಟೋ ಸರಿಯಾಗಿ ನೋಡಲೂ ಇಲ್ಲ, "ಬೇಡ, ಬಿಡಿಬಿಡಿ ಮನೆಗಳಿರೋದು ಬೇಕು" ಎಂದಳು. ಕಡಿಮೆ ದರ ಎಂದರೂ ಬೇಡ, ಲಿಫ್ಟಿದೆ ಎಂದರೂ ಬೇಡ. ಕೊನೆಗೆ ಚಿಕ್ಕ ಚಿಕ್ಕ ಕಾಟೇಜುಗಳು ಒಂದಕ್ಕೊಂದು ದೂರ ನಿಂತಿರುವ ಇನ್ನೊಂದನ್ನು ಆರಿಸಿದಳು. ನಿನ್ನ ಭಾವ ಕತ್ತು ಚಾಚಿ "ಎರಡು ಕಾಟೇಜಿನ ಮಧ್ಯೆ ಗೋಡೆಗೀಡೆ ಸೇರಿಲ್ಲ ತಾನೆ?" ಎಂದು ಕೇಳಿದರು. ಮದುವೆಗೆ ಹೋಗುವವರು ಊಟ ಹೇಗಿರುತ್ತದೆ ಎಂದು ಕೇಳುತ್ತಾರೆ, ಗೋಡೆ ಸೇರಿದೆಯೇ ಎಂದು ಯಾರಾದರೂ ಕೇಳುತ್ತಾರೆಯೇ?

ಕಳೆದ ವಾರ ಎಲ್ಲರೂ ಜಾಗ ನೋಡಿ ಬಂದೆವು. ದೋಣಿಯಲ್ಲಿ ನಿನ್ನ ಭಾವ ನನ್ನ ಕೈ ಹಿಡಿದದ್ದು ಮದುವೆಯಾದ ಮೇಲೆ ಅದೇ ಎರಡನೆಯ ಸಲವೋ ಏನೋ, ಉಗುರು ಚುಚ್ಚಿದ ಗುರುತು ಇನ್ನೂ ಇದೆ. ಜಾಗ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಮೆತ್ತನೆಯ ಬಿಳಿ ಮರಳು, ತೆಂಗಿನ ಸಾಲು, ಗಾಳಿ. ಮಂಚದ ಮೇಲೆ ಟವೆಲ್ಲನ್ನು ಹಂಸದಂತೆ ಮಡಚಿಟ್ಟಿದ್ದರು. ನಾನು ಹಂಸದ ಕತ್ತು ಬಿಚ್ಚಿ ಅಂಚು ಮೂಸಿ ನೋಡಿದೆ, ಚಿಂತೆಬೇಡಳ ಮುಖ ನೋಡಬೇಕಿತ್ತು. ಟವೆಲ್ಲು ಸ್ವಚ್ಛವಾಗಿತ್ತು. ಮೋಸ ರೆಸಾರ್ಟಿನದಲ್ಲ, ನಮ್ಮ ಮನೆಯವರದೇ ಎಂದು ನನಗೆ ಅಲ್ಲೇ ಖಾತ್ರಿಯಾಯಿತು.

ಏಕೆಂದರೆ ದಡದಲ್ಲಿ ನಿಂತು ಚಿಂತೆಬೇಡ "ಇಲ್ಲಿ ಬಿಳಿ ಬಟ್ಟೆಯ ದೊಡ್ಡ ಚಪ್ಪರ ಬರುತ್ತೆ" ಎಂದಾಗ ನಮ್ಮವಳು "ಚಪ್ಪರ ಬೇಡ" ಎಂದಳು. ಬಿಸಿಲು ಎಂದರು ರೆಸಾರ್ಟಿನವರು. ಟೋಪಿ ಕೊಡೋಣ ಎಂದಳು. ಮಳೆ ಬಂದರೆ ಎಂದರು. ಬರಲ್ಲ ಎಂದಳು, ಮೋಡವೆಲ್ಲ ಇವಳ ಕೈಯಾಳು ಎಂಬಂತೆ. ಹಾಗಾದರೆ ನಾಲ್ಕು ಕಂಬ ನೆಟ್ಟು ಮೇಲೆ ಹೂವಿನ ಬಳ್ಳಿಯಾದರೂ ಹಬ್ಬಿಸೋಣ ಎಂದರೆ ಕಣ್ಣು ಕೆಂಪು ಮಾಡಿಕೊಂಡು "ತಲೆ ಮೇಲೆ ಏನೂ ಇರ್ಬಾರ್ದು ಅಂದ್ನಲ್ಲ!" ಎಂದು ರೇಗಿದಳು. ಅರವತ್ತು ಜನ ನೆಂಟರು ಹಪ್ಪಳದಂತೆ ಒಣಗಬೇಕೇ? ನಾನು ದೂರ ಹೋದಂತೆ ಮಾಡಿ ಕಾಟೇಜಿನ ಹಿಂದೆ ನಿಂತು ಕಿವಿಗೊಟ್ಟೆ. ಹುಡುಗ ಮೆಲ್ಲಗೆ "ತೆಂಗಿನ ಮರ ಲೆಕ್ಕಕ್ಕೆ ಬರುತ್ತಾ?" ಎಂದು ಕೇಳಿದ. ನಮ್ಮವಳು "ಇಲ್ಲ, ಅಪ್ಪನ್ನ ಕೇಳಿದೀನಿ, ಮರ ಪರವಾಗಿಲ್ಲ" ಎಂದಳು. ಇದು ಯಾವ ಲೆಕ್ಕ? ಯಾರಿಗೆ ಒಪ್ಪಿಸಬೇಕಾದ ಲೆಕ್ಕ? ಹುಡುಗಿಗೆ ಏನೋ ಕಾಯಿಲೆ ಇರಬಹುದೇ, ನನ್ನಿಂದ ಮುಚ್ಚಿಡುತ್ತಿದ್ದಾರೆಯೇ ಎಂಬ ಅನುಮಾನ ಹೊಕ್ಕಿತು. ಹಿಂದಿರುಗುವ ದಾರಿಯುದ್ದಕ್ಕೂ ಅವಳ ಮುಖವನ್ನೇ ನೋಡುತ್ತ ಬಂದೆ.

ಮನೆಗೆ ಬಂದವಳೇ ನಿನ್ನ ಭಾವನನ್ನು ಅಡುಗೆಮನೆಯಲ್ಲಿ ಅಡ್ಡಗಟ್ಟಿದೆ. ಅವರು ಲೋಟ ತೊಳೆಯುತ್ತಿದ್ದರು. ಈ ಮನೆಯಲ್ಲಿ ಅವರು ಲೋಟ ತೊಳೆದದ್ದನ್ನು ಯಾರಾದರೂ ಕಂಡಿದ್ದಾರೆಯೇ? "ನನ್ನ ಮಗಳಿಗೆ ಏನಾಗಿದೆ, ಈಗಲೇ ಹೇಳಿ, ಇಲ್ಲದಿದ್ದರೆ ನಾನು ಸಮುದ್ರಕ್ಕೆ ಬರುವುದಿಲ್ಲ" ಎಂದೆ. ಅವರು ತೊಳೆದ ಲೋಟವನ್ನೇ ಮತ್ತೆ ತೊಳೆದರು. ನಲ್ಲಿಯ ಕಡೆ ಮುಖ ಮಾಡಿಯೇ, ಆ ಕೆಟ್ಟ ಗಂಟಲಿನಲ್ಲಿ, "ಅವಳಿಗೆ ಏನೂ ಆಗಿಲ್ಲ. ನಿನ್ನ ತಂಗಿ ಸೂರು ಅಂದಿದ್ಲು, ಆಕಾಶ ಅಂದಿರ್ಲಿಲ್ವಲ್ಲ" ಎಂದರು.

ನೀನು ಮನೆ ಬಿಟ್ಟ ದಿನದ ಜಗಳ ಕಣ್ಣ ಮುಂದೆ ಬಂತು ಕಣೆ. ಮೆಣಸಿನಕಾಯಿಯ ಓದಿನ ವಿಷಯಕ್ಕೆ ನೀನು ಅವಳ ಪರ ನಿಂತಾಗ ಅವರು "ನನ್ನ ಸೂರಿನಡಿ ಇದ್ಕೊಂಡು ನನಗೇ ಬುದ್ಧಿ ಹೇಳ್ತೀಯಾ" ಎಂದರು. "ಇನ್ಮೇಲೆ ನೀವಿರೋ ಸೂರಿನಡಿ ನಾನು ಒಂದು ಗಳಿಗೆ ನಿಲ್ಲಲ್ಲ" ಎಂದು ನೀನು ಚೀಲ ಎತ್ತಿಕೊಂಡು ನಡೆದೆ. ಅಂದ ಮಾತನ್ನು ಅಕ್ಷರಶಃ ಉಳಿಸಿಕೊಂಡೆಯಲ್ಲ, ಪುಣ್ಯಾತ್ಗಿತ್ತಿ. ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಭಾವ ಒಳಗಿದ್ದಾರೆಂದು ನೀನು ಹೊರಗೆ ಮರದ ಕೆಳಗೆ ನಿಂತೇ ಇದ್ದೆ. ಅವರು ಗೇಟು ದಾಟಿದ ಮೇಲೆಯೇ ಅಮ್ಮನ ಹತ್ತಿರ ಬಂದೆ. ಆ ಮರವನ್ನೇ ಇವರು ಲೆಕ್ಕ ಹಾಕುತ್ತಿದ್ದದ್ದು. ಮರದ ಕೆಳಗೆ ನೀನು ನಿಂತಿದ್ದಾಗ ಭಾವ ಅದರ ನೆರಳಲ್ಲೇ ಹಾದು ಹೋದರು, ನೀನು ಸರಿಯಲಿಲ್ಲ, ಹಾಗಾಗಿ ಮರ ಸೂರಲ್ಲ ಎಂದು ಅಪ್ಪ, ಮಗಳು, ಆ ಹುಡುಗ ಮೂವರೂ ಕುಳಿತು ತೀರ್ಮಾನಿಸಿದ್ದಾರೆ. ನಿನಗೆ ಬೇರೆ ಕಾಟೇಜು, ಊಟ ಮರಳ ಮೇಲೆ, ಮದುವೆ ಬಯಲಿನಲ್ಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇದರಲ್ಲಿ ಹಾವು ಯಾರು ಎಂದು ನೀವಿಬ್ಬರೂ ಆಮೇಲೆ ಜಗಳವಾಡಿಕೊಳ್ಳಿ.

ನನಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ನನಗೇಕೆ ಹೇಳಲಿಲ್ಲ ಎಂದರೆ "ನಿನ್ನ ಬಾಯಲ್ಲಿ ಮಾತು ನಿಲ್ಲಲ್ಲ, ಅವತ್ತೇ ಕಾಗದ ಬರೀತೀಯ, ಅವಳು ಮೊದಲೇ ಯೋಚನೆ ಮಾಡಿ ಬರಲ್ಲ ಅಂತಾಳೆ" ಎಂದರು. ಎಂಥ ಅಪವಾದ! (ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ, ಡ್ರೈವಿಂಗ್ ಸ್ಕೂಲಿಗೆ ಹೋಗಿದ್ದಾರೆ.) ಇದು ಯಾರ ಉಪಾಯ ಎಂಬುದು ಮಾತ್ರ ಇನ್ನೂ ಪತ್ತೆಯಾಗಿಲ್ಲ. ಮಗಳು ತನ್ನದು ಎನ್ನುತ್ತಾಳೆ. ನನಗೆ ಅನುಮಾನ ನಿನ್ನ ಭಾವನ ಮೇಲೆಯೇ. ತಪ್ಪಾಯಿತು ಎಂಬ ಒಂದು ಮಾತು ಬಾಯಿಂದ ಹೊರಡದೆ ಒಂದು ಸಮುದ್ರವನ್ನೇ ಬಾಡಿಗೆಗೆ ಹಿಡಿಯುವ ಮನುಷ್ಯ ಲೋಕದಲ್ಲಿ ಇನ್ನೊಬ್ಬನಿರಲಾರ. ನೀನೂ ಕಡಿಮೆಯವಳಲ್ಲ. ಇಷ್ಟು ವರ್ಷ ನಿಮ್ಮಿಬ್ಬರ ನಡುವೆ ಸವೆದವಳು ನಾನು.

ನಿನ್ನ ಮೇಲೂ ಒಂದು ಅನುಮಾನವಿದೆ, ಹೇಳಿಬಿಡುತ್ತೇನೆ. ಇಷ್ಟು ಓದುವಷ್ಟರಲ್ಲಿ ನಿನ್ನ ಕಣ್ಣು ಒದ್ದೆಯಾಗಿರುತ್ತದೆ, ಆದರೂ "ಮಂಡಿನೋವು, ಪ್ರಯಾಣ ಆಗದು" ಎಂದು ಬರೆಯಲು ಪೆನ್ನು ಹುಡುಕುತ್ತಿರುತ್ತೀಯ. ಬರೆಯಬೇಡ. ದೋಣಿಯಿಂದ ಇಳಿಸಲು ಹುಡುಗನೇ ಬರುತ್ತಾನಂತೆ. ನಿನಗೆ ಆಯುಸ್ಸು, ಆರೋಗ್ಯ, ಒಂದಿಷ್ಟು ಬುದ್ಧಿ ಎಲ್ಲವೂ ಬರಲಿ ಎಂದು ಹಾರೈಸುವ,

ನಿನ್ನ ಸಂಶಯಪಿಶಾಚಿ ಅಕ್ಕ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಚಿಂತೆಬೇಡ ಫೋನು ಮಾಡಿದಳು. ಆ ವಾರ ಮಳೆ ಖಂಡಿತ ಎಂದು ಹವಾಮಾನದವರು ಹೇಳಿದ್ದಾರಂತೆ, ಚಪ್ಪರ ಹಾಕದಿದ್ದರೆ ರೆಸಾರ್ಟಿನವರು ಮದುವೆಗೆ ಜಾಗವನ್ನೇ ಕೊಡುವುದಿಲ್ಲವಂತೆ. ಕೇಳಿ ಹುಡುಗಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಷ್ಟರಲ್ಲಿ ನಿನ್ನ ಭಾವ ಬಂದರು. ವಿಷಯ ಕೇಳಿ ಚಪ್ಪಲಿಯನ್ನೂ ಬಿಚ್ಚದೆ ಹೊರಗೆ ಹೋದವರು ಒಂದು ರೇನ್‌ಕೋಟು ಕೊಂಡು ತಂದು, ಅವಳ ಬಾಗಿಲ ಮುಂದೆ ನಿಂತು, "ಚಪ್ಪರ ಹಾಕ್ಲಿ ಬಿಡಮ್ಮಾ. ಚಿಕ್ಕಮ್ಮ ಒಳಗೆ ನಿನ್ನ ಪಕ್ಕ ನಿಂತ್ಕೊಳ್ಳಲಿ, ನಾನು ಹೊರಗೆ ನಿಂತು ನೋಡ್ತೀನಿ" ಎಂದರು. ಕೂಗದೆ ಹೇಳಿದರು ಕಣೆ. ಕೋಟನ್ನು ನಾನು ಮೂಸಿ ನೋಡಿದೆ, ಹೊಸದೇ, ಆದರೆ ಅಗ್ಗದ ಮಾಲು, ಒಂದು ಮಳೆಗೂ ತಡೆಯುವುದಿಲ್ಲ. ಬಂದುಬಿಡು. ಅವರು ನೆನೆಯುವುದನ್ನು ನೋಡಲಿಕ್ಕಾದರೂ ಬಾ.