ಹಾಡು ಬಂದಾಗ ನೀರು

ಜೂನ್ ೧೫, ಭಾನುವಾರ. ರಾಯಚೂರು.

ಮಾನ್ವಿಯಲ್ಲಿರುವ ತಂಗಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಸಂಜೆ ಫೋನ್ ಮಾಡಿ, "ಯಕ್ಕಾ, ಫ್ಯಾಮಿಲಿ ಕಾಮಿಡಿ ಅಂತಾರ, ಸಣ್ಣ ಹುಡುಗುರು ನೋಡೋ ಹಂಗ ಅದ ಏನು ಆ ಪಿಚ್ಚರ್?" ಎಂದು ಕೇಳಿದಳು. ಅಷ್ಟೇ ಕೇಳಿದ್ದು.

ನಮ್ಮ ಮನೆಯಲ್ಲಿ ಅದನ್ನು ತೀರ್ಮಾನಿಸುವವರು ಅತ್ತೆ. ಮಧ್ಯಾಹ್ನ ಟಿವಿಯಲ್ಲಿ ಅದೇ ಪಿಚ್ಚರ್ ನೋಡುವಾಗ ಹಾಡು ಶುರುವಾದಾಗಲೆಲ್ಲ, "ಸುಮೇಧಾ, ನೀರು ತೊಗೊಂಡು ಬಾ" ಎಂದು ನನ್ನ ಮಗನನ್ನು ಅಡುಗೆಮನೆಗೆ ಅಟ್ಟಿದರು. ಅವರು ಕುಡಿಯದ ಲೋಟಗಳು ಮಂಚದ ಪಕ್ಕ ಸಾಲಾಗಿ ನಿಂತವು. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಹೀರೋ ಹೆಂಡತಿಯ ಕೆನ್ನೆಗೆ ಬಾರಿಸಿದ. ಅವಳು ಗಿರ್ರನೆ ತಿರುಗಿ ಸೋಫಾದ ಮೇಲೆ ಬಿದ್ದಳು. ಆಗ ಮಾತ್ರ ಅತ್ತೆಗೆ ಬಾಯಾರಿಕೆಯಾಗಲಿಲ್ಲ. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ರಾತ್ರಿ ಊಟಕ್ಕೆ ಕೂತಾಗ ಸುಮೇಧ ಒಂದು ತುತ್ತು ಬಾಯಿಗಿಟ್ಟು, "ಇದು ಸಾರಾ, ಸಮುದ್ರಾನಾ?" ಎಂದು ಹೀರೋನ ಹಾಗೇ ನನ್ನತ್ತ ಕೈ ಎತ್ತಿದ. "ಥೇಟ್ ಹಂಗ ಮಾಡ್ತಾನ ನೋಡ್ರಿ!" ಎಂದು ಅತ್ತೆ ಕಣ್ಣೊರೆಸಿಕೊಂಡು ನಕ್ಕರು. ಏಳು ವರ್ಷದವನ ಕೈ, ನನಗೆ ತಾಗಲೂ ಇಲ್ಲ. ಆದರೂ ನಾನು ಕಣ್ಣು ಮುಚ್ಚಿ ಮುಖ ಹಿಂದಕ್ಕೆಳೆದುಕೊಂಡೆ. ನಗುತ್ತಿದ್ದ ನನ್ನ ಗಂಡ ತಟ್ಟೆ ನೋಡತೊಡಗಿದರು.

"ಹಾಡು ಬಿಟ್ರ ಏನೂ ಕೆಟ್ಟದ್ದಿಲ್ಲ, ತೋರ್ಸು ಅನ್ನು ನಿನ್ ತಂಗೀಗೆ" ಎನ್ನುತ್ತಾರೆ ಅತ್ತೆ.

ನಾನೇನು ಹೇಳಲಿ? ಪಿಚ್ಚರ್ ಕಲಿಸಿತು ಎನ್ನಲೇ? ಈ ಮನೆಯಲ್ಲೇ ನನ್ನ ಕೆನ್ನೆಗೆ ಏಟು ಬಿದ್ದಾಗ ಸುಮೇಧನನ್ನು ನೀರು ತರಲು ಯಾರೂ ಕಳಿಸಿರಲಿಲ್ಲ.