ನೀರು ಚೆಲ್ಲುವ ಮುಗಿಲಿಯ ಬಗ್ಗೆ ನಾನು ಬರೆದ ಮೂರು ಸಾಲು

ಹೂಳೂರು,
ಫೆಬ್ರವರಿ ಮೂವತ್ತು, ೨೧೯೧

ಚಾಪೆಯ ಮೇಲೆ ಮಕ್ಕಳ ನಡುವೆ ಕುಳಿತಿರುವ ಅಕ್ಕನವರಿಗೆ,

ಮೇಲಿನ ತಾರೀಖು ನೋಡಿ, ಬರೆದವಳಿಗೆ ತಲೆ ಸರಿಯಿಲ್ಲ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ಇಟ್ಟುಕೊಂಡಿದ್ದೇವೆ. ಆ ಐದು ದಿನ ಊರಿನಲ್ಲಿ ಯಾರೂ ಕೆಲಸಕ್ಕೆ ಹೋಗುವುದಿಲ್ಲ. ನನ್ನ ಮಾತು ಕೂಡ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು. ನಿಮಗೂ ನಮಗೂ ನಡುವಿನ ಇಷ್ಟು ವರ್ಷಗಳಲ್ಲಿ ಕನ್ನಡ ಕೆಲವು ಪದಗಳನ್ನು ಬಿಟ್ಟುಕೊಟ್ಟಿದೆ, ಕೆಲವನ್ನು ಹೊಸದಾಗಿ ಹುಟ್ಟಿಸಿಕೊಂಡಿದೆ. ಹೊಸದು ಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ. ಮರೆತರೆ ಕ್ಷಮಿಸಿ.

ನನ್ನ ಹೆಸರು ಸೋಮವ್ವ ಬಣಕಾರ. ವಯಸ್ಸು ಅರವತ್ತೆಂಟು. ನಲವತ್ತಾರು ವರ್ಷ ಹೂಳೂರಿನ ಎಳೆಮನೆಯಲ್ಲಿ ಕೆಲಸ ಮಾಡಿದ್ದೇನೆ. ಎಳೆಮನೆ ಎಂದರೆ ಹೆಚ್ಚುಕಡಿಮೆ ನಿಮ್ಮ ಅಂಗನವಾಡಿ: ಎರಡರಿಂದ ಆರು ವರ್ಷದ ಮಕ್ಕಳು ಬೆಳಿಗ್ಗೆ ಬಂದು, ಆಡಿ, ಉಂಡು, ಮಲಗಿ ಎದ್ದು, ಸಂಜೆ ಮನೆಗೆ ಹೋಗುವ ಜಾಗ. ನಮ್ಮ ಊರು ಒಂದು ಹಳೆಯ ಜಲಾಶಯದ ತಳದಲ್ಲಿದೆ. ನೀರು ಹಿಂದೆ ಸರಿದು, ಹೂಳು ಒಣಗಿ ಗಟ್ಟಿಯಾದ ಮೇಲೆ ಜನ ಅದರ ಮೇಲೆಯೇ ಬಂದು ನೆಲೆಸಿದರು. ಅಂಗಳದಲ್ಲಿ ಒಂದು ಗೇಣು ಅಗೆದರೆ ಈಗಲೂ ಬಸವನಹುಳುವಿನ ಚಿಪ್ಪು ಸಿಗುತ್ತದೆ. ನಮ್ಮ ಮಕ್ಕಳು ಎಣಿಕೆ ಕಲಿಯುವುದು ಆ ಚಿಪ್ಪುಗಳಿಂದ. ಊರಿನ ಪೂರ್ವಕ್ಕೆ ಬಿಸಿಲುಹೊಲವಿದೆ. ಅಲ್ಲಿ ಬೆಳೆಯುವುದು ವಿದ್ಯುತ್ತು. ಆಳೆತ್ತರದ ಗಾಜಿನ ಹಲಗೆಗಳು ಸಾಲಾಗಿ ಸೂರ್ಯನಿಗೆ ಮುಖ ಮಾಡಿ ಓರೆಯಾಗಿ ನಿಂತಿರುತ್ತವೆ. ಧೂಳು ಕೂತರೆ ಅವು ಕುರುಡಾಗುತ್ತವೆ, ಹಾಗಾಗಿ ದಿನವೂ ತೊಳೆಯಬೇಕು. ನೀರು ಮಾತ್ರ ನಮ್ಮಲ್ಲಿ ಅಳತೆಯದ್ದು. ಮೂವತ್ತೊಂದು ಮಕ್ಕಳ ನಮ್ಮ ಎಳೆಮನೆಗೆ ದಿನಕ್ಕೆ ಹನ್ನೆರಡು ಕೊಡ. ಕುಡಿಯಲು, ಅಡುಗೆಗೆ, ತೊಳೆಯಲು ಎಲ್ಲಕ್ಕೂ ಅಷ್ಟೇ. ಇದನ್ನು ಮೊದಲೇ ಹೇಳಿದ್ದು, ಮುಂದೆ ನನ್ನ ಸಿಟ್ಟು ನಿಮಗೆ ಸ್ವಲ್ಪವಾದರೂ ಅರ್ಥವಾಗಲಿ ಎಂದು.

ನಿಮ್ಮ ನಂತರದ ಕೆಲವು ತಲೆಮಾರುಗಳ ಕಾಲ ಮಕ್ಕಳನ್ನು ನೋಡಿ ಬರೆಯುವ ಕೆಲಸವನ್ನು ಯಂತ್ರಗಳೇ ಮಾಡುತ್ತಿದ್ದವಂತೆ. ಅವು ಎಲ್ಲವನ್ನೂ ಬರೆದವು; ಯಾರೂ ಓದಲಿಲ್ಲ. ಕೊನೆಗೆ ಆ ಕೆಲಸ ಮನುಷ್ಯರ ಕೈಗೇ ಮರಳಿತು. ನಮ್ಮಲ್ಲಿ ಪ್ರತಿಯೊಬ್ಬ ಅಕ್ಕನ ಹತ್ತಿರ ಒಂದು ನೋಟಪುಸ್ತಕ ಇರುತ್ತದೆ. ದಿನಕ್ಕೆ ಕನಿಷ್ಠ ನಾಲ್ಕು ಮಕ್ಕಳ ಬಗ್ಗೆ ಅದರಲ್ಲಿ ಬರೆಯಬೇಕು. ಸಂಜೆ ಮಕ್ಕಳು ಹೋದ ಮೇಲೆ, ಬರೆದದ್ದನ್ನು ಓದಿಕೊಂಡು ನಾಳೆಪಟ್ಟಿ ಮಾಡಬೇಕು: ನಾಳೆ ಯಾರ ಮುಂದೆ ಏನಿಡುವುದು, ಯಾರನ್ನು ಯಾರ ಪಕ್ಕ ಕೂರಿಸುವುದು, ಯಾವ ಹಾಡು, ಯಾವ ಆಟ. ಮೂರು ತಿಂಗಳಿಗೊಮ್ಮೆ ಹೊಂದಿಕೆ ಸಭೆಯವರು ಎಲ್ಲ ನೋಟಪುಸ್ತಕಗಳನ್ನು ತರಿಸಿಕೊಂಡು ಓದುತ್ತಾರೆ. ಯಾವ ಮಗುವಿಗೆ ಯಾವ ಮನೆ ಸರಿ ಎಂದು ಗೊತ್ತುಮಾಡುವವರು ಅವರೇ. ಹೊಂದಿಕೊಳ್ಳದ ಮಕ್ಕಳಿಗೆ ಆಗ ಹೊಳೆಯ ಆ ದಡದಲ್ಲಿ ಆಚೆಮನೆ ಎಂಬುದೊಂದಿತ್ತು. ಅಲ್ಲಿಗೆ ಹೋದ ಮಗು ವಾರಕ್ಕೊಂದು ದಿನ ಮಾತ್ರ ತಾಯಿಯ ಹತ್ತಿರ ಬರುತ್ತಿತ್ತು.

ನಾನು ಕೆಲಸಕ್ಕೆ ಸೇರಿ ಮೂರನೇ ವರ್ಷ. ನನಗೆ ಇಪ್ಪತ್ತೈದು, ಮುಗಿಲಿಗೆ ನಾಲ್ಕು. ದಪ್ಪ ಹುಬ್ಬು, ಗಿಡ್ಡ ಕೂದಲು, ಎಡಗೈ ಹುಡುಗಿ. ಎಳೆಮನೆಗೆ ಬಂದು ಐದು ತಿಂಗಳಾದರೂ ನನ್ನ ಮುಂದೆ ಒಂದು ಇಡೀ ವಾಕ್ಯ ಆಡಿರಲಿಲ್ಲ. ಹಾಡಿಗೆ ಕರೆದರೆ ಬರುತ್ತಿರಲಿಲ್ಲ. ಕಥೆಗೆ ಎಲ್ಲರೂ ಸುತ್ತ ಕುಳಿತ ಹೊತ್ತಿಗೆ ಮೆಲ್ಲಗೆ ಎದ್ದು ಹೋಗಿ, ಕುಡಿಯುವ ನೀರಿನ ಗಡಿಗೆಯಿಂದ ಚೊಂಬು ತುಂಬಿಕೊಂಡು ಅಂಗಳದಲ್ಲಿ ಸುರಿಯುತ್ತಿದ್ದಳು. ಒಂದಲ್ಲ, ಎರಡಲ್ಲ, ನಾಲ್ಕು ಚೊಂಬು. ಮಧ್ಯಾಹ್ನ ಉಳಿದ ಮಕ್ಕಳು ನೀರು ಕೇಳಿದಾಗ ಗಡಿಗೆ ಖಾಲಿ. ನಾನು ಪಕ್ಕದ ಓಣಿಗೆ ಹೋಗಿ ಕೈಯೊಡ್ಡಿ ತರಬೇಕಾಗುತ್ತಿತ್ತು. ಮೊದಲು ಮುದ್ದಾಗಿ ಹೇಳಿದೆ, ಆಮೇಲೆ ಗದರಿದೆ, ಆಮೇಲೆ ಚೊಂಬನ್ನು ಅಟ್ಟದ ಮೇಲಿಟ್ಟೆ. ಅವಳು ತನ್ನ ಊಟದ ಬಟ್ಟಲು ತೆಗೆದುಕೊಂಡಳು. ಆ ಸಂಜೆ ನೋಟಪುಸ್ತಕದಲ್ಲಿ ಮೂರು ಸಾಲು ಬರೆದೆ:

ನೀರು ಚೆಲ್ಲುತ್ತಾಳೆ. ಹೇಳಿದ ಮಾತು ಕೇಳುವುದಿಲ್ಲ. ಉಳಿದ ಮಕ್ಕಳೊಂದಿಗೆ ಹೊಂದಿಕೊಳ್ಳುವುದಿಲ್ಲ.

ಮರುವಾರವೂ ಅದನ್ನೇ ಬರೆದೆ. ಬೇರೆ ಏನು ಬರೆಯಬೇಕೆಂದು ತೋಚದಿದ್ದಾಗ ಮತ್ತೊಮ್ಮೆ ಅದನ್ನೇ. ಆ ತಿಂಗಳ ಕೊನೆಗೆ ಪುಸ್ತಕಗಳು ಸಭೆಗೆ ಹೋದವು. ಹದಿನೈದು ದಿನಗಳ ನಂತರ ಮುಗಿಲಿಯ ಮನೆಗೆ ಒಂದು ಹಾಳೆ ಬಂತು: ಮುಂದಿನ ಒಂದನೇ ತಾರೀಖಿನಿಂದ ಮಗು ಆಚೆಮನೆಗೆ. ಅದಕ್ಕೆ ಉಳಿದಿದ್ದದ್ದು ಎರಡೇ ವಾರ.

ಮುಗಿಲಿಯ ತಾಯಿ ರೇಣವ್ವ ಬಿಸಿಲುಹೊಲದಲ್ಲಿ ಹಲಗೆ ತೊಳೆಯುವವಳು. ಅವತ್ತು ಕೆಲಸದ ಬಟ್ಟೆಯಲ್ಲೇ ಬಂದಳು. ಮೊಣಕಾಲ ತನಕ ಕೆಸರಿನ ಕಲೆ. ಹಾಳೆಯನ್ನು ನನ್ನ ಮುಂದೆ ಹಿಡಿದು, "ಅಕ್ಕಾರ, ಇದರಾಗ ಏನ್ ಬರದೈತಿ, ಓದ್ರಿ" ಅಂದಳು. ಅವಳಿಗೆ ಓದಲು ಬರುತ್ತಿತ್ತು. ನನ್ನ ಬಾಯಿಂದಲೇ ಕೇಳಬೇಕೆಂದು ಕೊಟ್ಟಿದ್ದಳು. ನಾನು ಓದಿದೆ. ನನ್ನ ಮೂರು ಸಾಲು ಅದರಲ್ಲಿ ಹಾಗೆಯೇ ಇದ್ದವು.

"ನೀರು ಎಲ್ಲಿ ಚೆಲ್ಲತಾಳ್ರಿ ನನ್ ಮಗಳು?"

"ಅಂಗಳದಾಗ."

"ಅಂಗಳದಾಗ ಎಲ್ಲಿ?"

ನನಗೆ ಗೊತ್ತಿರಲಿಲ್ಲ.

"ಚೆಲ್ಲಿ ಆದಮ್ಯಾಲ ಏನ್ ಮಾಡತಾಳ?"

ಅದೂ ಗೊತ್ತಿರಲಿಲ್ಲ. ಚೆಲ್ಲಿದ ಕೂಡಲೇ ನಾನು ಓಡಿಹೋಗಿ ಅವಳ ಕೈಯಿಂದ ಚೊಂಬು ಕಸಿದುಕೊಳ್ಳುತ್ತಿದ್ದೆನಲ್ಲ.

"ನೀವು ನೋಡೇ ಇಲ್ಲ ಅಕ್ಕಾರ," ಅಂದಳು ರೇಣವ್ವ. ದನಿ ಏರಿಸಲಿಲ್ಲ. "ಬರೇ ಬೈದೀರಿ. ಬೈದಿದ್ದನ್ನ ಬರದೀರಿ."

ಅವಳು ಹೋದ ಮೇಲೆ ನಾನು ಅಡುಗೆಮನೆಗೆ ಹೋಗಿ ಅತ್ತೆ. ಅಲ್ಲಿ ಸಜ್ಜೆ ಆರಿಸುತ್ತಿದ್ದವರು ಜುಲೇಖಾಬಿ, ಎಳೆಮನೆಯ ಹಿರಿಯ ಅಕ್ಕ. ನನಗೆ ಕೆಲಸ ಕಲಿಸಿದವರು. ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಮೊರ ಕೆಳಗಿಟ್ಟು ನನ್ನ ನೋಟಪುಸ್ತಕ ಕೇಳಿ ಪಡೆದರು, ಮುಗಿಲಿಯ ಪುಟಗಳನ್ನೆಲ್ಲ ಓದಿದರು. "ಸೋಮಿ, ಇದರಾಗ ಮುಗಿಲಿ ಎಲ್ಲದಾಳ? ನೀನಾ ಕಾಣಾಕತ್ತಿ ನನಗ" ಅಂದರು. ಪುಸ್ತಕ ತಿರುಗಿ ಕೊಟ್ಟು, "ಮೂರು ದಿನ ಬಾಯಿ ಮುಚ್ಕೊಂಡು ಆಕೀ ಹಿಂದ ಕೂಡು. ಕಣ್ಣಿಗೆ ಕಂಡಿದ್ದು ಬರಿ. ಸಿಟ್ಟು ಬಂತಂದ್ರ ಅದಕ್ಕ ಬ್ಯಾರೆ ಹಾಳಿ ಇಟ್ಕೊ. ಉಳಿದ ಮಕ್ಕಳನ್ನ ನಾ ನೋಡ್ಕೋತೀನಿ, ನೀರು ನಮ್ಮ ಮನಿಯಿಂದ ತರ್ತೀನಿ" ಅಂದರು. ಎಪ್ಪತ್ತರ ಹತ್ತಿರದ ಹೆಂಗಸು ಮೂರು ದಿನ ತಮ್ಮ ಮನೆಯ ಪಾಲಿನ ಕೊಡವನ್ನು ಸೊಂಟದ ಮೇಲೆ ಹೊತ್ತು ತಂದರು.

ಅಟ್ಟದ ಮೇಲಿನ ಚೊಂಬನ್ನು ಮತ್ತೆ ಗಡಿಗೆಯ ಹತ್ತಿರ ಇಟ್ಟೆ. ಮೊದಲ ದಿನ ನಾನು ಬರೆದದ್ದನ್ನು ಇಲ್ಲಿ ಇದ್ದಂತೆ ಇಳಿಸುತ್ತೇನೆ. "ಹತ್ತೂಕಾಲು. ಮುಗಿಲಿ ಚೊಂಬು ಎಡಗೈಯಲ್ಲಿ ಹಿಡಿದು ಅಂಗಳದ ಬೇವಿನ ಬುಡಕ್ಕೆ ಹೋದಳು. ಅಲ್ಲಿ ನೆಲ ಎತ್ತರ. ಒಂದು ಬೇವಿನೆಲೆ ಇಟ್ಟು ಅದರ ಮೇಲೆ ನಿಧಾನವಾಗಿ ನೀರು ಬಿಟ್ಟಳು. ಎಲೆ ಹರಿದುಕೊಂಡು ಹೋಯಿತು. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ನಡೆದಳು. ಎಲೆ ನಿಂತಲ್ಲಿ ಬೆರಳಿನಿಂದ ಮಣ್ಣು ಕೆದರಿ ದಾರಿ ಮಾಡಿದಳು. ಚಿಪ್ಪೊಂದನ್ನು ಅಡ್ಡ ಇಟ್ಟಳು. ನೀರು ಎಡಕ್ಕೆ ತಿರುಗಿತು. ಚಿಪ್ಪು ತೆಗೆದಳು. ನಕ್ಕಳು. ಮತ್ತೆ ಇಟ್ಟಳು." ಎರಡನೇ ದಿನ ಹಂಚಿನ ಚೂರು ತಂದು ಓರೆಯಾಗಿ ನಿಲ್ಲಿಸಿ, ಮೇಲಿನಿಂದ ಹನಿಹನಿಯಾಗಿ ನೀರು ಬಿಟ್ಟಳು. ಸಾಲದಾಯಿತೆಂದು ಕಾಣುತ್ತದೆ, ಇನ್ನಷ್ಟು ಓರೆ ಮಾಡಿದಳು. ತನ್ನ ಲಂಗದ ಅಂಚಿನಿಂದ ಹಂಚನ್ನು ಮೇಲಿಂದ ಕೆಳಗೆ, ಮೇಲಿಂದ ಕೆಳಗೆ ಒರೆಸಿದಳು. ಆಗ ನನಗೆ ಹೊಳೆಯಿತು. ದಿನವೂ ನಸುಕಿಗೆ ತಾಯಿಯ ಜೊತೆ ಬಿಸಿಲುಹೊಲಕ್ಕೆ ಹೋಗಿ, ಅಲ್ಲಿ ಸಾಲುಸಾಲು ಹಲಗೆಗಳ ಮೇಲೆ ನೀರು ಇಳಿಯುವುದನ್ನು ನೋಡಿಕೊಂಡೇ ಈ ಮಗು ನನ್ನ ಹತ್ತಿರ ಬರುತ್ತಿತ್ತು. ಅದೇ ಕೆಲಸವನ್ನು ಅಂಗಳದಲ್ಲಿ ಮುಂದುವರಿಸುತ್ತಿತ್ತು. ಅವಳು ಕೆಲಸದಲ್ಲಿದ್ದ ಹೊತ್ತಿಗೆ ಸರಿಯಾಗಿ ನಾನು ಮೊಲದ ಕಥೆ ಕೇಳಲು ಕರೆಯುತ್ತಿದ್ದೆ.

ಮೂರನೇ ಸಂಜೆ ಮಾಡಿದ ನಾಳೆಪಟ್ಟಿ ನನ್ನ ಜೀವನದಲ್ಲಿ ನಿಜವಾಗಿ ಮಾಡಿದ ಮೊದಲ ನಾಳೆಪಟ್ಟಿ. ಅದುವರೆಗೆ ಮಾಡಿದವೆಲ್ಲ ಹಿಂದಿನ ವಾರದ್ದರ ನಕಲು. ಧಾನ್ಯ ತೊಳೆದ ನೀರನ್ನು ಚೆಲ್ಲದೆ ಎರಡು ಬಕೆಟ್ ಕೂಡಿಟ್ಟೆ. ಒಡೆದ ಪೈಪಿನ ತುಂಡು, ಸೀಳಿದ ಬಿದಿರು, ಹಂಚಿನ ಚೂರು, ತಗಡು ತಂದು ಬೇವಿನ ಬುಡದಲ್ಲಿ ಹರಡಿದೆ. ಕೆಳಗೆ ನೀರು ಸೇರುವ ಕಡೆ ಅಗಲದ ಬೋಗುಣಿ ಇಟ್ಟೆ. ಅಲ್ಲಿಂದ ಮತ್ತೆ ಮೇಲಕ್ಕೆ ಹೊತ್ತು ತರಬಹುದು. ಯಾರನ್ನೂ ಕರೆಯಬಾರದು ಎಂದು ಪಟ್ಟಿಯಲ್ಲಿ ಬರೆದು ಅಡಿಗೆರೆ ಎಳೆದುಕೊಂಡೆ, ನನಗೇ ನೆನಪಿರಲಿ ಎಂದು.

ಬೆಳಿಗ್ಗೆ ಮುಗಿಲಿ ಅದನ್ನು ನೋಡಿ ಬಹಳ ಹೊತ್ತು ನಿಂತಳು. ಆಮೇಲೆ ನನ್ನ ಮುಖ ನೋಡಿದಳು, ಇದರಲ್ಲಿ ಏನೋ ಮೋಸವಿದೆ ಎನ್ನುವಂತೆ. ನಾನು ನೆಲ ನೋಡುತ್ತ ಕುಳಿತೆ. ಅವಳು ಬಿದಿರು ಎತ್ತಿಕೊಂಡಳು. ಹತ್ತು ನಿಮಿಷದಲ್ಲಿ ಇನ್ನಿಬ್ಬರು ಬಂದರು, ಆಮೇಲೆ ಐವರು. ಯಾರೋ ಪೈಪನ್ನು ತಗ್ಗಾಗಿ ಹಿಡಿದರು. ನೀರು ಹಿಂದಕ್ಕೆ ಬಂತು. ಆಗ ಅಂಗಳದ ತುಂಬ ಕೇಳುವಂತೆ ಒಂದು ದನಿ: "ಹಂಗಲ್ಲೋ! ಮ್ಯಾಲ ಹಿಡಿ! ನೀರು ಗುಡ್ಡ ಏರತೈತೇನ?"

ಐದು ತಿಂಗಳ ನಂತರ ನಾನು ಕೇಳಿದ ಮುಗಿಲಿಯ ಮೊದಲ ವಾಕ್ಯ ಒಂದು ಬೈಗುಳ. ಅಡುಗೆಮನೆಯ ಬಾಗಿಲಲ್ಲಿ ಜುಲೇಖಾಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಾನು ಪೆನ್ನು ತೆಗೆದುಕೊಂಡು ಆ ಬೈಗುಳವನ್ನು ಇದ್ದ ಹಾಗೆಯೇ ಬರೆದುಕೊಂಡೆ.

ಹಾಳೆ ಒಂದನ್ನು ತಿದ್ದಿಸುವುದು ಅಷ್ಟು ಸುಲಭವಿರಲಿಲ್ಲ. ನೋಟಪುಸ್ತಕದಲ್ಲಿ ಬರೆದದ್ದನ್ನು ಅಳಿಸಬಾರದು ಎಂಬುದು ನಮ್ಮ ನಿಯಮ. ಒಂದನೇ ತಾರೀಖಿಗೆ ನಾಲ್ಕು ದಿನ ಇರುವಾಗ ಹೊಂದಿಕೆ ಸಭೆಯ ಮುಂದೆ ನಿಂತೆ. ರೇಣವ್ವ ಗೋಡೆಯ ಹತ್ತಿರ ಕುಳಿತಿದ್ದಳು, ನನ್ನ ಕಡೆ ನೋಡಲಿಲ್ಲ. ಸಭೆಯ ಹಿರಿಯರು ಗಿರಿಮಲ್ಲಪ್ಪ, ಕನ್ನಡಕವನ್ನು ಹಣೆಗೇರಿಸಿ ಮಾತಾಡುವವರು. ಹೊಸ ಪುಟಗಳನ್ನು ಓದಿ, ಹಳೆಯ ಪುಟ ತೆಗೆದು, "ಹಂಗಾದ್ರ ಮೊದಲ ಬರದದ್ದು ಸುಳ್ಳೇನವಾ?" ಎಂದು ಕೇಳಿದರು.

ಹೌದೆಂದರೆ ಕೆಲಸ ಹೋಗುತ್ತಿತ್ತು. ಅಲ್ಲವೆಂದರೆ ಮಗು ಹೋಗುತ್ತಿತ್ತು.

"ನೀರು ಚೆಲ್ಲಿದ್ದು ಖರೆ ಐತ್ರಿ," ಅಂದೆ. "ಆದ್ರ ಉಳಿದದ್ದು ನಾ ಕಂಡಿದ್ದಲ್ರಿ, ನನ್ನ ಸಿಟ್ಟು. ಆಕೀ ಹೆಸರಿನ ಕೆಳಗ ನನ್ನ ಸಿಟ್ಟು ಬರದೀನಿ. ಹೋಗೋದಿದ್ರ ನಾ ಹೋಗಬೇಕು, ಆಕಿ ಅಲ್ಲ."

ಸಭೆ ಬಹಳ ಹೊತ್ತು ಮಾತಾಡಿಕೊಂಡಿತು. ಮುಗಿಲಿ ನಮ್ಮಲ್ಲೇ ಉಳಿದಳು. ನಾನು ಒಂದು ವರ್ಷ ಜುಲೇಖಾಬಿಯ ಸಹಿ ಇಲ್ಲದೆ ಏನೂ ಬರೆಯುವಂತಿಲ್ಲ ಎಂದಾಯಿತು, ನ್ಯಾಯವೇ. ಆ ಮೂರು ಸಾಲಿನ ಕೆಳಗೆ ಸಭೆಯಲ್ಲಿ ಹೇಳಿದ್ದನ್ನು ನನ್ನ ಕೈಯಿಂದಲೇ ಬರೆಸಿದರು. ಹೊರಡುವಾಗ ರೇಣವ್ವ ಪುಸ್ತಕ ತನ್ನ ಕಡೆ ಎಳೆದುಕೊಂಡು, ಯಾರನ್ನೂ ಕೇಳದೆ ಪೆನ್ನು ತೆಗೆದು ಬರೆದಳು: "ನನ್ನ ಮಗಳು ಮನ್ಯಾಗ ಬಾಳ ಮಾತಾಡತಾಳ. ಒಂದಿನ ಬಂದು ಕೇಳ್ರಿ."

ಹೋಗಲು ನನಗೆ ಎರಡು ತಿಂಗಳು ಧೈರ್ಯ ಬರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಹೋದೆ. ರೇಣವ್ವ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು, ಹೆಚ್ಚು ಮಾತಾಡಲಿಲ್ಲ. ಮುಗಿಲಿ ನಿಲ್ಲಿಸಲಿಲ್ಲ. ಬೆಕ್ಕು, ಹಲಗೆ, ಅಮ್ಮನ ಕಾಲುನೋವು, ಎಳೆಮನೆಯಲ್ಲಿ ಒಬ್ಬ ಸೋಮಕ್ಕ ಇದ್ದಾಳೆ, ಆಕೆಗೆ ನೀರಿನ ಆಟ ಬರುವುದಿಲ್ಲ, ತಾನು ಕಲಿಸುತ್ತಿದ್ದೇನೆ ಎಂಬುದನ್ನು ಕೂಡ ನನ್ನ ಮುಂದೆಯೇ ಹೇಳಿದಳು.

ಮುಗಿಲಿ ದೊಡ್ಡವಳಾಗಿ ಕಾಲುವೆ ಕಟ್ಟಿದಳು ಎಂದು ನೀವು ಊಹಿಸಿರಬಹುದು. ಇಲ್ಲ. ಅವಳಿಗೀಗ ನಲವತ್ತೇಳು, ಸಂತೆಬೀದಿಯಲ್ಲಿ ಬಟ್ಟೆ ಹೊಲಿಯುತ್ತಾಳೆ, ಎಡಗೈಯಲ್ಲೇ ಕತ್ತರಿ. ನೀರಿನ ಆಟ ಅವಳಿಗೆ ನೆನಪೇ ಇಲ್ಲ. ಹೇಳಿದರೆ, "ನಾನಾ? ನಂಬಂಗಿಲ್ಲ ಬಿಡ್ರಿ" ಎಂದು ನಗುತ್ತಾಳೆ. ನಾವು ಬರೆಯುವುದು ಮಗುವಿನ ಭವಿಷ್ಯವನ್ನಲ್ಲ ಎಂದು ನಾನು ಕಲಿತದ್ದು ಅವಳಿಂದಲೇ. ಇವತ್ತು ಆ ಮಗು ಯಾವುದರ ಹಿಂದೆ ಬಿದ್ದಿದೆ ಎಂದು ತಿಳಿದರೆ, ನಾಳೆ ಬೆಳಿಗ್ಗೆ ಅದರ ಮುಂದೆ ಏನಿಡಬೇಕೆಂದು ನಮಗೆ ಗೊತ್ತಾಗುತ್ತದೆ. ಬರೆಯುವುದು ಅಷ್ಟಕ್ಕೇ. ಆಚೆಮನೆ ಮುಚ್ಚಿ ಹತ್ತೊಂಬತ್ತು ವರ್ಷವಾಯಿತು. ಅದನ್ನು ಮುಚ್ಚಿಸಿದವರಲ್ಲಿ ರೇಣವ್ವ ಮೊದಲಿಗಳು, ನಾನು ಸಾಲಿನಲ್ಲಿ ಬಹಳ ಹಿಂದೆ ನಿಂತವಳು.

ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ನಿಮ್ಮ ಕಾಲದ ದಾಖಲೆಗಳನ್ನು ನಾವು ತರಬೇತಿಯಲ್ಲಿ ಓದಿದ್ದೇವೆ: ತೂಕ, ಎತ್ತರ, ಹಾಜರಿ, ಮೊಟ್ಟೆ, ಚುಚ್ಚುಮದ್ದು, ಸಮೀಕ್ಷೆ. ಇಷ್ಟರ ನಡುವೆ ಕುಳಿತು ನೋಡು ಎಂದರೆ ನಗು ಬಂದೀತು. ದಿನಕ್ಕೆ ಒಂದು ಮಗು ಸಾಕು, ಐದು ನಿಮಿಷ ಸಾಕು. ತಪ್ಪು ಬರೆದರೆ ಒಪ್ಪಿಕೊಳ್ಳಿ. ನಾನು ಒಪ್ಪಿಕೊಂಡು ಇನ್ನೂ ನಲವತ್ತಮೂರು ವರ್ಷ ಕೆಲಸ ಮಾಡಿದೆ.

ಇಷ್ಟು ದೂರದಿಂದ ಕೇಳಿಕೊಳ್ಳುವ ಹಕ್ಕು ನನಗೇನಿದೆ ಎಂದರೆ, ಇದೊಂದೇ. ನಿಮ್ಮ ಚಾಪೆಯ ಮೇಲೆ ಈಗ ಅಳುತ್ತಿರುವವರು, ಚಪ್ಪಲಿ ಅದಲುಬದಲು ಹಾಕಿಕೊಂಡವರು, ಗೋಡೆಯ ಸುಣ್ಣ ಕೆರೆದು ತಿನ್ನುತ್ತಿರುವವರು ನಮ್ಮ ಅಜ್ಜಿಯಂದಿರ ಅಜ್ಜಿಯರು, ಅಜ್ಜಂದಿರ ಅಜ್ಜಂದಿರು. ನಾವು ಅವರ ಮುಖ ನೋಡಲಿಲ್ಲ, ಅವರ ಮಾತು ಕೇಳಲಿಲ್ಲ. ಅವರ ಮೂಗು ಒರೆಸುವ ಭಾಗ್ಯ ನಿಮ್ಮದಾಯಿತು. ನಮ್ಮ ಹಿರಿಯರನ್ನು ಚೆನ್ನಾಗಿ ನೋಡಿಕೊಳ್ಳಿ ಅಕ್ಕಾ. ಮಧ್ಯಾಹ್ನ ಮಲಗಿದಾಗ ಹೊದಿಕೆ ಸರಿದಿದ್ದರೆ, ನಮ್ಮ ಪರವಾಗಿಯೂ ಒಮ್ಮೆ ಸರಿಮಾಡಿ.

ನಿಮ್ಮ,
ಸೋಮವ್ವ